ಹೆಸರು ಒಂದೇ ಥರ, ಹಡಗು ಬೇರೆ ಬೇರೆ: ಕ್ರೂಸ್‌ಗೆ ಯಾವ ಕ್ಲಾಸ್ ಆರಿಸಬೇಕು?

ಪ್ರಶ್ನೆ: ನಾವು ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದೇವೆ. ಜೂನ್‌ನಲ್ಲಿ ಶಿವಮೊಗ್ಗದಿಂದ ಅಪ್ಪ, ಅಮ್ಮ ಬರುತ್ತಾರೆ. ಅಪ್ಪನಿಗೆ 72 ವರ್ಷ, ಮಂಡಿ ನೋವಿದೆ. ಮಕ್ಕಳಿಗೆ 8 ಮತ್ತು 13. ಎಲ್ಲರೂ ಸೇರಿ ಒಂದು ವಾರ ಕ್ರೂಸ್ ಹೋಗೋಣ ಅಂತ ಆಸೆ. ರಾಯಲ್ ಕೆರಿಬಿಯನ್ ಕಂಪನಿಯದು ನೋಡಿದರೆ ಎಲ್ಲ ಹಡಗಿನ ಹೆಸರೂ ‘ಆಫ್ ದ ಸೀಸ್’ ಅಂತಲೇ ಮುಗಿಯುತ್ತದೆ. ರೇಟು ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಎರಡು ಪಟ್ಟು ವ್ಯತ್ಯಾಸ. ಓಯಸಿಸ್ ಕ್ಲಾಸ್, ಕ್ವಾಂಟಮ್ ಕ್ಲಾಸ್ ಅಂತೆಲ್ಲ ಹೇಳುತ್ತಾರೆ. ಹಾಗಂದರೆ ಏನು? ದೊಡ್ಡದು, ಹೊಸದು ಇದ್ದರೆ ಒಳ್ಳೆಯದು ಅಂತಲಾ? ನಾವು ಸಸ್ಯಾಹಾರಿಗಳು. ಅಲಾಸ್ಕಾ ಕೂಡ ಮನಸ್ಸಿನಲ್ಲಿದೆ.

ಉತ್ತರ: ನಿಮ್ಮ ಗೊಂದಲ ಸಹಜ. ನಾನು ಹನ್ನೊಂದು ವರ್ಷ ಕ್ರೂಸ್ ಹಡಗುಗಳ ಡೈನಿಂಗ್ ರೂಮಿನಲ್ಲಿ ಕೆಲಸ ಮಾಡಿದವನು. ಈಗ ಮಂಗಳೂರಿನಲ್ಲಿ ಕೂತು ಜನರಿಗೆ ಕ್ರೂಸ್ ಬುಕ್ ಮಾಡಿಕೊಡುತ್ತೇನೆ. ವಾರಕ್ಕೆ ಒಬ್ಬರಾದರೂ ಇದೇ ಪ್ರಶ್ನೆ ಕೇಳುತ್ತಾರೆ. ಅಡ್ವೆಂಚರ್ ಆಫ್ ದ ಸೀಸ್, ಅಲ್ಯೂರ್ ಆಫ್ ದ ಸೀಸ್. ಕೇಳುವುದಕ್ಕೆ ಅಕ್ಕತಂಗಿಯರ ಹೆಸರಿನ ಹಾಗಿವೆ. ಆದರೆ ಮೊದಲನೆಯದು 2001ರದ್ದು, ಎರಡನೆಯದು 2010ರದ್ದು. ಎರಡನೆಯದರ ಒಳಗಿನ ಜಾಗ ಮೊದಲನೆಯದಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ.

ಮೊದಲು ‘ಕ್ಲಾಸ್’ ಅಂದರೆ ಏನು ಅಂತ ಹೇಳುತ್ತೇನೆ. ರೈಲಿನ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಥರ ಇದು ದರ್ಜೆ ಅಲ್ಲ. ಒಂದೇ ನಕ್ಷೆ ಇಟ್ಟುಕೊಂಡು ಕಟ್ಟಿದ ಹಡಗುಗಳ ಗುಂಪು, ಅಷ್ಟೇ. ಸಾಮಾನ್ಯವಾಗಿ ಗುಂಪಿನಲ್ಲಿ ಮೊದಲು ನೀರಿಗಿಳಿದ ಹಡಗಿನ ಹೆಸರೇ ಕ್ಲಾಸಿನ ಹೆಸರಾಗುತ್ತದೆ. ಒಂದು ಹಡಗಿನ ನಕ್ಷೆ ಮಾಡುವುದಕ್ಕೇ ವರ್ಷಗಟ್ಟಲೆ ಬೇಕು, ಕೋಟಿಗಟ್ಟಲೆ ದುಡ್ಡು ಬೇಕು. ಅದೇ ನಕ್ಷೆಯಲ್ಲಿ ಮೂರೋ ನಾಲ್ಕೋ ಕಟ್ಟಿದರೆ ಖರ್ಚು ಹಂಚಿಹೋಗುತ್ತದೆ. ನಮ್ಮಂಥ ಕೆಲಸಗಾರರಿಗೂ ಅದು ಅನುಕೂಲ. ಒಂದು ಹಡಗಿನಿಂದ ಅದೇ ಕ್ಲಾಸಿನ ಇನ್ನೊಂದಕ್ಕೆ ವರ್ಗ ಆದರೆ ಮೊದಲ ದಿನವೇ ಕಣ್ಣು ಮುಚ್ಚಿಕೊಂಡು ಅಡುಗೆಮನೆಗೆ ಹೋಗಬಹುದು. ಏಣಿ, ಲಿಫ್ಟು, ಪಾತ್ರೆ ತೊಳೆಯುವ ಜಾಗ, ಎಲ್ಲ ಇದ್ದಲ್ಲೇ ಇರುತ್ತವೆ.

ಇನ್ನೊಂದು ಮಾತು ಮೊದಲೇ ಬಿಡಿಸಿಡಬೇಕು. ಹಡಗಿನ ಗಾತ್ರವನ್ನು ‘ಗ್ರಾಸ್ ಟನೇಜ್’ ಅಂತ ಹೇಳುತ್ತಾರೆ. ಟನ್ ಅಂದ ಕೂಡಲೇ ತೂಕ ಅಂದುಕೊಳ್ಳುತ್ತೇವೆ, ಅಲ್ವಾ? ಇದು ತೂಕವಲ್ಲ. ಹಡಗಿನೊಳಗೆ ಮುಚ್ಚಿದ ಜಾಗ ಎಷ್ಟಿದೆ ಅನ್ನುವುದರ ಲೆಕ್ಕ. ನಮ್ಮ ಕಣ್ಣಿಗೆ ಬಿದ್ದ ಹಡಗಿನಿಂದಲೇ ಹೇಳುವುದಾದರೆ, ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಓಡಾಡಿದ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗನ್ನು ನಮ್ಮವರು ಸುಮಾರು ಜನ ನೋಡಿದ್ದಾರೆ. ಅದು ಮೊದಲು ರಾಯಲ್ ಕೆರಿಬಿಯನ್‌ನದೇ ಹಡಗು. 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಅಂತ ಶುರುವಾಗಿ, ಆಮೇಲೆ ಎಂಪ್ರೆಸ್ ಆಫ್ ದ ಸೀಸ್ ಆಯಿತು. ಅದರ ಗ್ರಾಸ್ ಟನೇಜ್ ಸುಮಾರು 48,500. 2024ರ ಜನವರಿಯಲ್ಲಿ ಬಂದ ಐಕಾನ್ ಆಫ್ ದ ಸೀಸ್‌ನದು 2,48,663. ಅಂದರೆ ಐದು ಎಂಪ್ರೆಸ್‌ಗಳು ಒಂದರೊಳಗೆ. ಮುಂಬೈಯಲ್ಲಿ ಎಂಪ್ರೆಸ್ ಹತ್ತಿ ‘ಅಬ್ಬಾ, ಎಷ್ಟು ದೊಡ್ಡದು’ ಅಂದವರು ಮಯಾಮಿಯಲ್ಲಿ ಐಕಾನ್ ಮುಂದೆ ನಿಂತರೆ ಕತ್ತು ನೋಯುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ದೊಡ್ಡದು, ಹೊಸದು ಇದ್ದರೆ ಒಳ್ಳೆಯದಾ? ಹಾಗೇನಿಲ್ಲ. ಈ ಕ್ಲಾಸುಗಳು ಕೆಳಗಿಂದ ಮೇಲಕ್ಕೆ ಹತ್ತುವ ಮೆಟ್ಟಿಲಲ್ಲ. ಒಂದೊಂದು ಕ್ಲಾಸನ್ನೂ ಒಂದೊಂದು ಉದ್ದೇಶಕ್ಕೆ ಕಟ್ಟಿದ್ದಾರೆ. ಯಾರು ಹೋಗುತ್ತಿದ್ದೀರಿ, ಎಲ್ಲಿಗೆ ಹೋಗುತ್ತಿದ್ದೀರಿ ಅನ್ನುವುದು ಮೊದಲು. ಹಡಗು ಆಮೇಲೆ.

ಚಿಕ್ಕದರಿಂದ ಶುರು ಮಾಡುತ್ತೇನೆ. ಕಂಪನಿಯಲ್ಲಿ ಈಗ ಉಳಿದಿರುವ ಹಳೆಯ ಗುಂಪು ವಿಷನ್ ಕ್ಲಾಸ್. ಗ್ರಾಂಡರ್ 1996ರದ್ದು. ಎನ್‌ಚಾಂಟ್‌ಮೆಂಟ್ ಮತ್ತು ರಾಪ್ಸೊಡಿ 1997ರವು, ವಿಷನ್ 1998ರದ್ದು. ಎರಡು ಸಾವಿರ ಜನರ ಆಸುಪಾಸು ಹಿಡಿಸುತ್ತವೆ. ಎನ್‌ಚಾಂಟ್‌ಮೆಂಟ್ ಮಾತ್ರ ಸ್ವಲ್ಪ ಉದ್ದ. 2005ರಲ್ಲಿ ಅದನ್ನು ರಾಟರ್‌ಡ್ಯಾಮ್‌ನಲ್ಲಿ ನಡುವೆ ಕತ್ತರಿಸಿ, 22 ಮೀಟರ್ ಉದ್ದದ ತುಂಡು ಸೇರಿಸಿ, ಮತ್ತೆ ಬೆಸುಗೆ ಹಾಕಿದರು. ಈ ಹಡಗುಗಳಲ್ಲಿ ದೊಡ್ಡ ಜಾರುಬಂಡೆ ಇಲ್ಲ, ಐಸ್ ಸ್ಕೇಟಿಂಗ್ ಇಲ್ಲ. ರೂಮುಗಳು ಚಿಕ್ಕವು, ಬಾಲ್ಕನಿ ಇರುವ ರೂಮು ಕಮ್ಮಿ. ರೇಟು ಕಮ್ಮಿ. ಪುಸ್ತಕ ಹಿಡಿದು ಸಮುದ್ರ ನೋಡುತ್ತಾ ಕೂರುವವರಿಗೆ ಇದಕ್ಕಿಂತ ನೆಮ್ಮದಿ ಬೇರೆ ಇಲ್ಲ. ನಿಮ್ಮ 13 ವರ್ಷದವರಿಗೆ ಮೂರನೇ ದಿನಕ್ಕೆ ಬೇಜಾರು ಬರುತ್ತದೆ. ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ರೇಡಿಯನ್ಸ್ ಕ್ಲಾಸ್ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ನನಗೆ ತುಂಬ ಇಷ್ಟದ ಕ್ಲಾಸ್ ಇದು. ರೇಡಿಯನ್ಸ್, ಬ್ರಿಲಿಯನ್ಸ್, ಸೆರೆನೇಡ್, ಜೂವೆಲ್. 2001ರಿಂದ 2004ರ ನಡುವೆ ಜರ್ಮನಿಯ ಪಾಪನ್‌ಬರ್ಗ್‌ನಲ್ಲಿ ಕಟ್ಟಿದವು. ಸುಮಾರು 90,000 ಟನೇಜ್, 293 ಮೀಟರ್ ಉದ್ದ, 32 ಮೀಟರ್ ಅಗಲ. ಈ ಅಳತೆ ಸುಮ್ನೆ ಬಂದದ್ದಲ್ಲ. ಪನಾಮ ಕಾಲುವೆಯ ಹಳೆಯ ಬಾಗಿಲುಗಳಲ್ಲಿ 294 ಮೀಟರ್ ಉದ್ದ, 32.3 ಮೀಟರ್ ಅಗಲದ ಹಡಗಿಗಷ್ಟೇ ದಾರಿ. ಅದಕ್ಕೆ ಸರಿಯಾಗಿ ಅಳೆದು ಕಟ್ಟಿದ ಹಡಗು ಇದು. ಕಾಲುವೆಯೊಳಗೆ ನಿಂತಾಗ ಎರಡೂ ಕಡೆ ಗೋಡೆ ಕೈಗೆ ಸಿಕ್ಕೀತು ಅನ್ನುವಷ್ಟು ಹತ್ತಿರ ಕಾಣುತ್ತದೆ.

ಈ ಕ್ಲಾಸಿನ ಸೊಗಸು ಗಾಜಿನಲ್ಲಿದೆ. ಎಲ್ಲಿ ನಿಂತರೂ ಸಮುದ್ರ ಕಾಣುತ್ತದೆ. ಕೆಲವು ಲಿಫ್ಟುಗಳ ಹೊರಗೋಡೆಯೂ ಗಾಜೇ, ಸಮುದ್ರದ ಕಡೆಗೆ ಮುಖ. ಹಾಸನದ ಕಡೆಯ ಒಬ್ಬರು ಅಜ್ಜ ನನ್ನ ಟೇಬಲ್ಲಿಗೆ ಬರುತ್ತಿದ್ದರು. ಊಟ ಮುಗಿಸಿ ಆ ಲಿಫ್ಟಿನಲ್ಲಿ ಮೇಲಕ್ಕೆ ಹೋಗುವುದು, ಕೆಳಕ್ಕೆ ಬರುವುದು, ಮತ್ತೆ ಮೇಲಕ್ಕೆ. ಗಾಜಿಗೆ ಅಂಗೈ ಒತ್ತಿ ನಿಂತಿರುತ್ತಿದ್ದರು. ಹೊರಗೆ ಅಲಾಸ್ಕಾದ ಹಿಮದ ಗುಡ್ಡಗಳು. ಅವರಿಗೆ ಬೇರೆ ಯಾವ ಆಟವೂ ಬೇಕಿರಲಿಲ್ಲ. ಅಲಾಸ್ಕಾಗೆ ಈ ಕ್ಲಾಸು ಯಾಕೆ ಹೊಂದುತ್ತದೆ ಅನ್ನುವುದು ನನಗೆ ಅವತ್ತು ಅರ್ಥವಾಯಿತು. ಅಲ್ಲಿ ನೋಡಬೇಕಾದದ್ದೆಲ್ಲ ಹಡಗಿನ ಹೊರಗಿದೆ. ಹಾಗಾಗಿ ಹೊರಗೆ ನೋಡುವುದಕ್ಕೆ ಕಟ್ಟಿದ ಹಡಗೇ ಬೇಕು.

ಚಿಕ್ಕ ಹಡಗಿಗೆ ಇನ್ನೊಂದು ಅನುಕೂಲವಿದೆ. ಅದು ಹೋಗುವ ಬಂದರುಗಳೇ ಬೇರೆ. ಫ್ಲಾರಿಡಾದ ಟ್ಯಾಂಪಾ ಬಂದರಿನ ದಾರಿಯಲ್ಲಿ ಸನ್‌ಶೈನ್ ಸ್ಕೈವೇ ಅನ್ನುವ ಸೇತುವೆ ಇದೆ. ನೀರಿನಿಂದ ಅದರ ಎತ್ತರ ಸುಮಾರು 55 ಮೀಟರ್. ಓಯಸಿಸ್ ಕ್ಲಾಸಿನ ಹಡಗು ನೀರಿನ ಮೇಲೆ 72 ಮೀಟರ್ ಎದ್ದು ನಿಲ್ಲುತ್ತದೆ. ತೂರುವುದಾದರೂ ಹೇಗೆ? ಹಾಗಾಗಿ ಟ್ಯಾಂಪಾಕ್ಕೆ ವಿಷನ್, ರೇಡಿಯನ್ಸ್ ಕ್ಲಾಸಿನ ಹಡಗುಗಳೇ ಬರುತ್ತವೆ. ಗ್ರ್ಯಾಂಡ್ ಕೇಮನ್‌ನ ಜಾರ್ಜ್‌ಟೌನ್‌ನಲ್ಲಿ ದೊಡ್ಡ ಹಡಗು ಕಟ್ಟುವ ಧಕ್ಕೆಯೇ ಇಲ್ಲ. ಹಡಗು ದೂರದಲ್ಲಿ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡಬೇಕು. ಐದಾರು ಸಾವಿರ ಜನರನ್ನು ಹಾಗೆ ಇಳಿಸಿ ಹತ್ತಿಸುವುದು ಆಗದ ಮಾತು. ಅದಕ್ಕೇ ತೀರಾ ದೊಡ್ಡ ಹಡಗುಗಳು ಸಾಮಾನ್ಯವಾಗಿ ಆ ಕಡೆ ಹೋಗುವುದಿಲ್ಲ. ಮಂಡಿ ನೋವಿರುವವರ ಮಟ್ಟಿಗೆ ಇದರಲ್ಲಿ ಒಂದು ಒಳ್ಳೆಯದೂ ಇದೆ. ಅಲುಗಾಡುವ ದೋಣಿಗೆ ಕಾಲಿಡುವ ಕಷ್ಟ ದೊಡ್ಡ ಹಡಗಿನಲ್ಲಿ ಕಮ್ಮಿ. ಅದು ನೇರ ಧಕ್ಕೆಗೇ ಬಂದು ನಿಲ್ಲುತ್ತದೆ.

ವಾಯೇಜರ್ ಕ್ಲಾಸ್ ಬಂದದ್ದು 1999ರಲ್ಲಿ. ಕ್ರೂಸ್ ಲೋಕ ಅಲ್ಲಿಗೆ ಬದಲಾಯಿತು. ಅದುವರೆಗೆ ಹಡಗು ಅಂದರೆ ಉದ್ದುದ್ದ ಕಾರಿಡಾರು, ಕೊನೆಯಲ್ಲಿ ಒಂದು ಹಾಲ್. ಫಿನ್‌ಲ್ಯಾಂಡಿನ ತುರ್ಕು ಪಟ್ಟಣದ ಹಡಗುಕಟ್ಟೆಯವರು ಹೆಲ್ಸಿಂಕಿ ಮತ್ತು ಸ್ಟಾಕ್‌ಹೋಮ್ ನಡುವೆ ಓಡುವ ಸಿಲ್ಯಾ ಕಂಪನಿಯ ಫೆರಿಗಳಿಗೆ ನಡುಮಧ್ಯೆ ಒಂದು ಬೀದಿ ಮಾಡಿದ್ದರು. ಅದೇ ಯೋಚನೆಯನ್ನು ಇಲ್ಲಿ ದೊಡ್ಡದಾಗಿ ತಂದರು. ಅದಕ್ಕೆ ರಾಯಲ್ ಪ್ರೊಮೆನೇಡ್ ಅಂತ ಹೆಸರು. ಹಡಗಿನ ಹೊಟ್ಟೆಯೊಳಗೆ ನಾಲ್ಕು ಅಂತಸ್ತು ಎತ್ತರದ ಬೀದಿ. ಅಂಗಡಿ, ಕಾಫಿ, ರಾತ್ರಿ ಮೆರವಣಿಗೆ. ಸಮುದ್ರದ ಮೇಲೆ ಮೊದಲ ಐಸ್ ಸ್ಕೇಟಿಂಗ್ ಅಂಗಳ ಮಾಡಿದ್ದೂ ಈ ಕ್ಲಾಸಿನಲ್ಲೇ. ವಾಯೇಜರ್, ಎಕ್ಸ್‌ಪ್ಲೋರರ್, ಅಡ್ವೆಂಚರ್, ನ್ಯಾವಿಗೇಟರ್, ಮರೀನರ್ ಅಂತ ಒಟ್ಟು ಐದು ಹಡಗು.

ಈ ಬೀದಿಗೆ ಮುಖ ಮಾಡಿದ ರೂಮುಗಳಿವೆ. ಸಮುದ್ರ ಕಾಣುವುದಿಲ್ಲ, ಬೀದಿ ಕಾಣುತ್ತದೆ. ಕಿಟಕಿ ಹೊರಕ್ಕೆ ಉಬ್ಬಿಕೊಂಡಿರುತ್ತದೆ, ಅದರೊಳಗೆ ಮೆತ್ತೆ ಹಾಕಿದ ಕಟ್ಟೆ. ನನ್ನ ಅಮ್ಮನನ್ನು ಒಮ್ಮೆ ಅಂಥ ರೂಮಿನಲ್ಲಿ ಉಳಿಸಿದ್ದೆ. ಅಮ್ಮ ಆ ಕಟ್ಟೆಯ ಮೇಲೆ ಕಾಲು ಮಡಚಿ ಕೂತವರು ಏಳಲೇ ಇಲ್ಲ. ಊರಿನಲ್ಲಿ ಜಗಲಿ ಮೇಲೆ ಕೂತು ತೇರಿನ ಬೀದಿ ನೋಡುವ ಹಾಗೆ. ‘ನೋಡು, ಆ ಹೆಂಗಸು ಆಗ ಹಸಿರು ಬಟ್ಟೆ ಹಾಕಿದ್ದಳು, ಈಗ ಬದಲಾಯಿಸಿಕೊಂಡು ಬಂದಿದ್ದಾಳೆ’ ಅಂತ ನನಗೆ ವರದಿ ಕೊಡುತ್ತಿದ್ದರು. ಜನ ನೋಡುವ ಖುಷಿ ಇರುವ ಹಿರಿಯರಿಗೆ ಈ ರೂಮು ನಾನು ಧೈರ್ಯವಾಗಿ ಹೇಳುತ್ತೇನೆ. ರಾತ್ರಿ ಬೇಗ ಮಲಗುವವರಿಗೆ ಬೇಡ. ಮೆರವಣಿಗೆಯ ದಿನ ಸದ್ದು ಮೇಲಕ್ಕೆ ಬರುತ್ತದೆ. ಪರದೆ ಎಳೆಯದಿದ್ದರೆ ಎದುರು ರೂಮಿನವರಿಗೂ ನೀವು ಕಾಣುತ್ತೀರಿ. ಅದು ನೆನಪಿರಲಿ.

ಫ್ರೀಡಂ ಕ್ಲಾಸ್ ಅಂದರೆ ವಾಯೇಜರ್ ಅನ್ನೇ ಎಳೆದು 339 ಮೀಟರ್ ಮಾಡಿದ ಹಾಗೆ. ಫ್ರೀಡಂ 2006ರಲ್ಲಿ, ಲಿಬರ್ಟಿ 2007ರಲ್ಲಿ, ಇಂಡಿಪೆಂಡೆನ್ಸ್ 2008ರಲ್ಲಿ ಬಂದವು. ಹಲಗೆ ಮೇಲೆ ನಿಂತು ಅಲೆ ಸವಾರಿ ಮಾಡುವ ಫ್ಲೋರೈಡರ್ ಮೊದಲು ಇಲ್ಲಿ ಬಂತು. ಬೀದಿ, ಐಸ್ ಎಲ್ಲ ವಾಯೇಜರ್ ಹಾಗೇ.

ಓಯಸಿಸ್ ಕ್ಲಾಸ್ ಬಗ್ಗೆ ನೀವು ಜಾಸ್ತಿ ತಿಳಿದುಕೊಳ್ಳಬೇಕು, ಯಾಕೆಂದರೆ ನಿಮಗೆ ಹತ್ತಿರದಲ್ಲಿ ಸಿಗುವುದು ಅದೇ. 2009ರಲ್ಲಿ ಓಯಸಿಸ್ ಬಂದಾಗ ಅದು ಪ್ರಪಂಚದ ಅತಿ ದೊಡ್ಡ ಪ್ರಯಾಣಿಕ ಹಡಗು. ತುರ್ಕುವಿನಿಂದ ಹೊರಟು ಡೆನ್ಮಾರ್ಕಿನ ಗ್ರೇಟ್ ಬೆಲ್ಟ್ ಸೇತುವೆ ಕೆಳಗೆ ದಾಟಬೇಕಿತ್ತು. ಸೇತುವೆ 65 ಮೀಟರ್, ಹಡಗು 72. ಹೊಗೆಕೊಳವೆಗಳನ್ನೇ ಒಳಕ್ಕೆ ಎಳೆದುಕೊಳ್ಳುವ ಹಾಗೆ ಮಾಡಿದ್ದರು. ಅವನ್ನು ತಗ್ಗಿಸಿ ರಾತ್ರಿ ಹೊತ್ತಿನಲ್ಲಿ ನುಸುಳಿಸಿ ದಾಟಿಸಿದರು.

ಈ ಹಡಗಿನ ಮೇಲ್ಭಾಗವನ್ನು ನಡುವೆ ಸೀಳಿ ಆಕಾಶಕ್ಕೆ ತೆರೆದಿದ್ದಾರೆ. ಎರಡೂ ಪಕ್ಕ ರೂಮಿನ ಸಾಲು, ನಡುವೆ ಬಯಲು. ಎಂಟನೇ ಡೆಕ್‌ನಲ್ಲಿ, ಅಂದರೆ ಎಂಟನೇ ಅಂತಸ್ತಿನಲ್ಲಿ, ಸೆಂಟ್ರಲ್ ಪಾರ್ಕ್. ನಿಜವಾದ ಗಿಡಗಳು, ಸಾವಿರಗಟ್ಟಲೆ. ಅವನ್ನು ನೋಡಿಕೊಳ್ಳುವುದಕ್ಕೆ ಹಡಗಿನಲ್ಲೇ ತೋಟದ ಕೆಲಸದವರಿದ್ದಾರೆ. ಸಂಜೆ ಗಿಡಕ್ಕೆ ನೀರು ಬಿಟ್ಟ ಮೇಲೆ ಅಲ್ಲಿ ಹೋದರೆ ಒದ್ದೆ ಮಣ್ಣಿನ ವಾಸನೆ. ಸಮುದ್ರದ ನಡುವೆ ಮಣ್ಣಿನ ವಾಸನೆ ಅಂದರೆ ಎಷ್ಟು ವಿಚಿತ್ರ ಸುಖ ಅಂತ, ತಿಂಗಳುಗಟ್ಟಲೆ ನೆಲ ಕಾಣದೆ ಕೆಲಸ ಮಾಡಿದವರಿಗೇ ಗೊತ್ತು. ಆರನೇ ಡೆಕ್‌ನಲ್ಲಿ ಬೋರ್ಡ್‌ವಾಕ್ ಇದೆ. ಜಾತ್ರೆಯ ಕುದುರೆ ತೊಟ್ಟಿಲಿನ ಥರ ತಿರುಗುವ ಆಟ ಅಲ್ಲಿದೆ. ಹಿಂಭಾಗಕ್ಕೆ ನೀರಿನಲ್ಲಿ ಧುಮುಕುವವರ ಪ್ರದರ್ಶನ ನಡೆಯುವ ಅಕ್ವಾಥಿಯೇಟರ್. ಓಯಸಿಸ್, ಅಲ್ಯೂರ್, ಹಾರ್ಮನಿ, ಸಿಂಫನಿ, ವಂಡರ್, ಯುಟೋಪಿಯಾ, ಹೀಗೆ ಆರು ಹಡಗುಗಳು. ಹಾರ್ಮನಿ 2016ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ್ದು, ಯುಟೋಪಿಯಾ 2024ರಲ್ಲಿ ಬಂದದ್ದು.

ಇಲ್ಲಿ ರೂಮು ಬುಕ್ ಮಾಡುವಾಗ ‘ಬಾಲ್ಕನಿ’ ಅನ್ನುವ ಪದ ನೋಡಿ ಮೋಸಹೋಗಬೇಡಿ. ಮೂರು ಥರದ ಬಾಲ್ಕನಿ ಇದೆ. ಒಂದು ಸಮುದ್ರದ ಕಡೆಗೆ, ಒಂದು ಪಾರ್ಕಿನ ಕಡೆಗೆ, ಒಂದು ಬೋರ್ಡ್‌ವಾಕ್ ಕಡೆಗೆ. ಒಳಗಿನವು ಸಾಮಾನ್ಯವಾಗಿ ಅಗ್ಗ. ಹಿಂದೊಮ್ಮೆ ನಾನೇ ಒಂದು ಕುಟುಂಬಕ್ಕೆ ಬೋರ್ಡ್‌ವಾಕ್ ಬಾಲ್ಕನಿ ಕೊಡಿಸಿದ್ದೆ, ಸರಿಯಾಗಿ ವಿವರಿಸದೆ. ಅವರು ಸೂರ್ಯೋದಯ ನೋಡುವುದಕ್ಕೆ ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಇನ್ನೊಬ್ಬರ ಬಾಲ್ಕನಿ. ಆ ತಪ್ಪು ನನಗೆ ಇವತ್ತಿಗೂ ಚುಚ್ಚುತ್ತದೆ. ಅಂದಿನಿಂದ ಪ್ರತಿಯೊಬ್ಬರಿಗೂ ಡೆಕ್ ಪ್ಲ್ಯಾನ್, ಅಂದರೆ ಅಂತಸ್ತುಗಳ ನಕ್ಷೆ ತೆಗೆದು, ಬೆರಳಿಟ್ಟು ತೋರಿಸಿಯೇ ದುಡ್ಡು ಕಟ್ಟಿಸುವುದು.

ಕ್ವಾಂಟಮ್ ಕ್ಲಾಸ್ ಚಳಿ ಇರುವ ಕಡೆಗೆ ಹೇಳಿ ಮಾಡಿಸಿದ್ದು. ಕ್ವಾಂಟಮ್ 2014, ಆಂಥಮ್ 2015, ಓವೇಶನ್ 2016. ಸ್ಪೆಕ್ಟ್ರಮ್ 2019ರಲ್ಲೂ ಒಡಿಸ್ಸಿ 2021ರಲ್ಲೂ ಬಂದವು. 348 ಮೀಟರ್ ಉದ್ದ. ಇದರಲ್ಲಿ ಬಹುತೇಕ ಆಟಗಳು ಛಾವಣಿ ಕೆಳಗೆ. ಗಾಳಿಯಲ್ಲಿ ತೇಲಿಸುವ ಐಫ್ಲೈ ಕೊಳವೆ, ಡ್ಯಾಶಿಂಗ್ ಕಾರು, ಮುಚ್ಚಿದ ಈಜುಕೊಳ. ನಾರ್ತ್ ಸ್ಟಾರ್ ಅನ್ನುವ ಗಾಜಿನ ಗೂಡು ಕ್ರೇನಿನ ತೋಳಿನ ತುದಿಯಲ್ಲಿ ಏರಿ, ಸಮುದ್ರದಿಂದ ಸುಮಾರು 90 ಮೀಟರ್ ಮೇಲೆ ನಿಲ್ಲಿಸುತ್ತದೆ. ಕಿಟಕಿ ಇಲ್ಲದ ರೂಮಿಗೂ ನೆಲದಿಂದ ಸೂರಿನವರೆಗೆ ಒಂದು ಪರದೆ ಹಾಕಿ, ಹೊರಗಿನ ಸಮುದ್ರವನ್ನು ಕ್ಯಾಮೆರಾ ಮೂಲಕ ತೋರಿಸುತ್ತಾರೆ. ಆದರೆ ಐಸ್ ಅಂಗಳ ಇಲ್ಲಿಲ್ಲ. ಬೆಂಗಳೂರಿನಿಂದ ಸಿಂಗಾಪುರಕ್ಕೆ ಹೋಗಿ ಕ್ರೂಸ್ ಹತ್ತುವ ನಮ್ಮವರಲ್ಲಿ ಅನೇಕರು ನೋಡಿರುವುದು ಈ ಕ್ಲಾಸನ್ನೇ. ಸ್ಪೆಕ್ಟ್ರಮ್ ಅನ್ನು ಮೊದಲು ಕಟ್ಟಿದ್ದು ಚೀನಾ ಕಡೆಯ ಪ್ರಯಾಣಿಕರಿಗಾಗಿ. ಆಮೇಲೆ ಅದು ಸಿಂಗಾಪುರದಿಂದ ಓಡಿತು.

ಕೊನೆಗೆ ಐಕಾನ್ ಕ್ಲಾಸ್. ಐಕಾನ್ 2024ರ ಜನವರಿಯಲ್ಲಿ, ಸ್ಟಾರ್ 2025ರ ಆಗಸ್ಟ್‌ನಲ್ಲಿ ಬಂದವು. 365 ಮೀಟರ್ ಉದ್ದ, 20 ಡೆಕ್, ದ್ರವರೂಪದ ನೈಸರ್ಗಿಕ ಅನಿಲದಲ್ಲಿ ಓಡುವ ಎಂಜಿನ್. ಆರು ಜಾರುಬಂಡೆಗಳ ನೀರಿನ ಪಾರ್ಕು. ಸರ್ಫ್‌ಸೈಡ್ ಅಂತ ಚಿಕ್ಕ ಮಕ್ಕಳ ಸಂಸಾರಕ್ಕೇ ಬೇರೆ ಮಾಡಿದ ಒಂದು ಭಾಗ. ಅಲ್ಲಿ ಮಕ್ಕಳ ಕೊಳದ ಪಕ್ಕದಲ್ಲೇ ಊಟ. ಎರಡು, ಮೂರು ವರ್ಷದ ಮಗು ಇರುವವರು ಕೇಳಿದರೆ ಕಣ್ಣು ಮುಚ್ಚಿಕೊಂಡು ಇದನ್ನೇ ಹೇಳುತ್ತೇನೆ. ನಿಮ್ಮ ಮಕ್ಕಳು ಆ ವಯಸ್ಸು ದಾಟಿದ್ದಾರೆ. ಇವತ್ತು ಕಂಪನಿಯಲ್ಲಿ ಅತಿ ಜಾಸ್ತಿ ರೇಟೂ ಸಾಮಾನ್ಯವಾಗಿ ಇದಕ್ಕೇ.

ದೊಡ್ಡ ಹಡಗಿನಲ್ಲಿ ಜನ ಗಿಜಿಗುಟ್ಟುತ್ತಾರಾ ಅಂತ ಎಲ್ಲರೂ ಕೇಳುತ್ತಾರೆ. ಇದಕ್ಕೆ ಒಂದು ಸುಲಭ ಲೆಕ್ಕ ಇದೆ. ಟನೇಜ್ ಅನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ಒಬ್ಬೊಬ್ಬರಿಗೆ ಸಿಗುವ ಜಾಗದ ಅಂದಾಜು ಸಿಗುತ್ತದೆ. ರೂಮಿಗೆ ಇಬ್ಬರಂತೆ ಲೆಕ್ಕ ಹಾಕಿದರೆ ಗ್ರಾಂಡರ್‌ಗೆ 37ರ ಆಸುಪಾಸು, ರೇಡಿಯನ್ಸ್‌ಗೆ 42, ಕ್ವಾಂಟಮ್‌ಗೆ 40, ಓಯಸಿಸ್ ಕ್ಲಾಸಿಗೆ 41, ಐಕಾನ್‌ಗೆ 44. ನೋಡಿ, ಇವುಗಳಲ್ಲಿ ಅತಿ ದೊಡ್ಡ ಹಡಗಿನಲ್ಲೇ ತಲೆಗೆ ಜಾಗ ಜಾಸ್ತಿ! ಆದರೆ ಜೂನ್‌ನಲ್ಲಿ ರೂಮಿಗೆ ಇಬ್ಬರೇ ಇರುವುದಿಲ್ಲ. ಸ್ಕೂಲು ರಜೆ. ಮೂರನೇ, ನಾಲ್ಕನೇ ಹಾಸಿಗೆಯೂ ತುಂಬುತ್ತದೆ. ಐಕಾನ್‌ನಲ್ಲಿ ಇಬ್ಬರಂತೆ 5,610 ಜನ, ಪೂರ್ತಿ ತುಂಬಿದರೆ 7,600. ಆಗ 44 ಇದ್ದದ್ದು 33ಕ್ಕೆ ಇಳಿಯುತ್ತದೆ. ಅದೇ ಹಡಗು, ಅದೇ ರೂಮು. ತಿಂಗಳು ಬದಲಾದರೆ ಅನುಭವ ಬದಲಾಗುತ್ತದೆ. ಸ್ಕೂಲು ನಡೆಯುವ ಸೆಪ್ಟೆಂಬರಿನಲ್ಲಿ ಹೋದವರು ‘ಖಾಲಿ ಖಾಲಿ ಇತ್ತು’ ಅನ್ನುತ್ತಾರೆ, ಜೂನ್‌ನಲ್ಲಿ ಹೋದವರು ‘ಲಿಫ್ಟಿಗೆ ಕಾದು ಕಾದು ಸಾಕಾಯಿತು’ ಅನ್ನುತ್ತಾರೆ. ಇಬ್ಬರು ಹೇಳುವುದೂ ನಿಜ.

ಕ್ಲಾಸ್ ಒಂದೇ ಆದರೆ ಹಡಗೂ ಒಂದೇ ಅಂತಲೂ ಅಂದುಕೊಳ್ಳಬೇಡಿ. ಇಲ್ಲಿ ತುಂಬ ಜನ ಎಡವುತ್ತಾರೆ. ಹಡಗು ಕೆಲವು ವರ್ಷಕ್ಕೊಮ್ಮೆ ಡ್ರೈಡಾಕ್‌ಗೆ, ಅಂದರೆ ನೀರು ಖಾಲಿ ಮಾಡಿ ದುರಸ್ತಿ ಮಾಡುವ ಕಟ್ಟೆಗೆ ಹೋಗಿ ನವೀಕರಣ ಆಗುತ್ತದೆ. ಎಲ್ಲದಕ್ಕೂ ಒಂದೇ ಥರ ಆಗುವುದಿಲ್ಲ. ಮರೀನರ್‌ಗೆ 2018ರಲ್ಲಿ, ನ್ಯಾವಿಗೇಟರ್‌ಗೆ 2019ರಲ್ಲಿ ದೊಡ್ಡ ನವೀಕರಣ ಮಾಡಿ ನೀರಿನ ಜಾರುಬಂಡೆ ಹಾಕಿದರು. ಎಕ್ಸ್‌ಪ್ಲೋರರ್‌ಗೂ ಅಂಥದೇ ದೊಡ್ಡ ಕೆಲಸ 2020ರಲ್ಲಿ ಆಗಬೇಕಿತ್ತು. ಕೊರೊನಾ ಬಂದು ನಿಂತುಹೋಯಿತು. ಮೂರೂ ವಾಯೇಜರ್ ಕ್ಲಾಸೇ. ಮಕ್ಕಳ ಕಣ್ಣಿಗೆ ಮಾತ್ರ ಬೇರೆ ಬೇರೆ ಹಡಗು. ಕಟ್ಟಿದ ವರ್ಷ ನೋಡಬೇಡಿ, ಕೊನೆಯ ದೊಡ್ಡ ನವೀಕರಣದ ವರ್ಷ ಕೇಳಿ.

ಹಡಗು ಅಲ್ಲಾಡುವುದರ ಬಗ್ಗೆ ಅಮ್ಮನಿಗೆ ಭಯ ಇರಬಹುದು. ದೊಡ್ಡ ಹಡಗು ಕಮ್ಮಿ ಅಲ್ಲಾಡುತ್ತದೆ, ಅದು ನಿಜ. ಎಲ್ಲ ಹಡಗಿಗೂ ನೀರಿನೊಳಗೆ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತದೆ. ಆದರೂ ರೂಮು ಎಲ್ಲಿದೆ ಅನ್ನುವುದು ಅಷ್ಟೇ ಮುಖ್ಯ. ಬಸ್ಸಿನಲ್ಲಿ ಹಿಂದಿನ ಸೀಟು ಎತ್ತಿಹಾಕುವ ಹಾಗೆ, ಹಡಗಿನಲ್ಲಿ ಮುಂದಿನ ತುದಿ ಮತ್ತು ಮೇಲಿನ ಅಂತಸ್ತು ಜಾಸ್ತಿ ಅಲ್ಲಾಡುತ್ತವೆ. ನಡುಭಾಗ, ಕೆಳ ಡೆಕ್ ಒಳ್ಳೆಯದು.

ಊಟದ ವಿಷಯ ನನ್ನ ಕ್ಷೇತ್ರ, ಹಾಗಾಗಿ ಸ್ವಲ್ಪ ಹೇಳುತ್ತೇನೆ. ಕ್ಲಾಸ್ ಯಾವುದೇ ಇರಲಿ, ಮುಖ್ಯ ಡೈನಿಂಗ್ ರೂಮು ಮತ್ತು ವಿಂಡ್‌ಜಾಮರ್ ಬಫೆ ಟಿಕೆಟ್ಟಿನಲ್ಲೇ ಸೇರಿವೆ. ಬಫೆಯಲ್ಲಿ ಸಾಮಾನ್ಯವಾಗಿ ದಾಲು, ಅನ್ನ, ಒಂದೆರಡು ಪಲ್ಯ ಇರುತ್ತದೆ. ನಿಜವಾದ ಗುಟ್ಟು ಡೈನಿಂಗ್ ರೂಮಿನಲ್ಲಿದೆ. ಮೊದಲ ರಾತ್ರಿಯೇ ಹೆಡ್ ವೇಟರ್ ಹತ್ತಿರ ‘ನಾವು ಸಸ್ಯಾಹಾರಿಗಳು, ಮೊಟ್ಟೆ ತಿನ್ನುತ್ತೇವೆ ಅಥವಾ ತಿನ್ನುವುದಿಲ್ಲ’ ಅಂತ ಸ್ಪಷ್ಟವಾಗಿ ಹೇಳಿ. ಅಡುಗೆಮನೆಯಲ್ಲಿ ನಮ್ಮ ದೇಶದ ಅಡುಗೆಯವರು ಬಹುತೇಕ ಇದ್ದೇ ಇರುತ್ತಾರೆ. ಮಂಗಳೂರು, ಗೋವಾ ಕಡೆಯ ಹುಡುಗರಂತೂ ಹಡಗುಗಳಲ್ಲಿ ಲೆಕ್ಕವಿಲ್ಲದಷ್ಟು. ಒಂದು ದಿನ ಮುಂಚೆ ಹೇಳಿದರೆ ಮಾರನೆಯ ರಾತ್ರಿ ನಿಮ್ಮ ಟೇಬಲ್ಲಿಗೆ ಬೇರೆಯೇ ಊಟ ಬರುತ್ತದೆ. ಹೀಗೆ ಹೇಳಿ ಮಾಡಿಸುವುದು ಚಿಕ್ಕ ಹಡಗಿನಲ್ಲಿ ಸುಲಭ. ಅಲ್ಲಿ ಎರಡನೇ ರಾತ್ರಿಗೆ ವೇಟರ್‌ಗೆ ನಿಮ್ಮ ಅಪ್ಪನ ಹೆಸರು, ಅವರಿಗೆ ಮೊಸರು ಬೇಕು ಅನ್ನುವುದು ಎರಡೂ ಬಾಯಿಪಾಠ. ಓಯಸಿಸ್, ಐಕಾನ್‌ನಂಥ ಕಡೆ ಊಟದ ಜಾಗಗಳು ಇಪ್ಪತ್ತಕ್ಕೂ ಜಾಸ್ತಿ, ಜನ ದಿನಕ್ಕೊಂದು ಕಡೆ ತಿನ್ನುತ್ತಾರೆ. ನೀವು ಅಲ್ಲಿ ಹೋದರೂ ರಾತ್ರಿ ಊಟಕ್ಕೆ ನಿಗದಿತ ಹೊತ್ತು, ನಿಗದಿತ ಟೇಬಲ್ ಕೇಳಿಕೊಳ್ಳಿ. ಆಗ ವಾರವಿಡೀ ಅದೇ ವೇಟರ್ ಇರುತ್ತಾರೆ.

ಅಲಾಸ್ಕಾ ಬಗ್ಗೆ ಕೇಳಿದ್ದೀರಿ. ರಾಯಲ್ ಕೆರಿಬಿಯನ್ ಅಲ್ಲಿಗೆ ರೇಡಿಯನ್ಸ್ ಕ್ಲಾಸನ್ನೂ ಕ್ವಾಂಟಮ್ ಕ್ಲಾಸನ್ನೂ ಕಳಿಸುತ್ತಾ ಬಂದಿದೆ. ಮಕ್ಕಳಿದ್ದರೆ ಕ್ವಾಂಟಮ್, ಹಿರಿಯರು ಮಾತ್ರ ಇದ್ದರೆ ರೇಡಿಯನ್ಸ್. ನಿಮಗೆ ಇದರಲ್ಲಿ ಒಂದು ತೊಡಕಿದೆ. ಹಡಗುಗಳು ಬಹಾಮಾಸ್‌ನಲ್ಲಿ ನೋಂದಣಿ ಆದವು. 1886ರ ಒಂದು ಅಮೆರಿಕನ್ ಕಾನೂನಿನ ಪ್ರಕಾರ, ಅಮೆರಿಕದಲ್ಲೇ ಹತ್ತಿ ಇಳಿಸುವ ವಿದೇಶಿ ಹಡಗು ನಡುವೆ ಬೇರೆ ದೇಶದ ಬಂದರಿಗೆ ಹೋಗಿಬರಲೇಬೇಕು. ಅದಕ್ಕೇ ಸಿಯಾಟಲ್‌ನಿಂದ ಹೊರಟ ಹಡಗೂ ಕೆನಡಾದ ಒಂದು ಬಂದರಿಗೆ ಹೋಗುತ್ತದೆ. ಭಾರತದ ಪಾಸ್‌ಪೋರ್ಟ್ ಇರುವ ಅಪ್ಪ, ಅಮ್ಮನಿಗೆ ಕೆನಡಾ ವೀಸಾ ವಿಷಯ ಬುಕ್ ಮಾಡುವ ಮುಂಚೆಯೇ ವಿಚಾರಿಸಿಕೊಳ್ಳಿ. ಜೂನ್‌ಗೆ ಸಮಯ ಸಾಲದೇ ಹೋಗಬಹುದು. ಮೇಲಾಗಿ ಹ್ಯೂಸ್ಟನ್‌ನಿಂದ ಅಷ್ಟು ದೂರ ವಿಮಾನ. ಮಂಡಿ ನೋವಿರುವವರಿಗೆ ಅದೂ ಒಂದು ಲೆಕ್ಕವೇ.

ಹಾಗಾಗಿ ನಿಮ್ಮ ಮನೆಯವರಿಗೆ ನಾನು ಹೇಳುವುದು ಇಷ್ಟು. ಗ್ಯಾಲ್ವೆಸ್ಟನ್ ಬಂದರು ನಿಮ್ಮಿಂದ ಕಾರಿನಲ್ಲಿ ಒಂದು ಗಂಟೆಯ ಆಸುಪಾಸು. ರಾಯಲ್ ಕೆರಿಬಿಯನ್ 2022ರ ನವೆಂಬರ್‌ನಲ್ಲಿ ಅಲ್ಲಿ ಹೊಸ ಟರ್ಮಿನಲ್ ತೆರೆಯಿತು. ಅಲ್ಲಿಂದ ಓಯಸಿಸ್ ಕ್ಲಾಸಿನ ಅಲ್ಯೂರ್, ಹಾರ್ಮನಿಯೂ ವಾಯೇಜರ್ ಕ್ಲಾಸಿನ ಹಡಗುಗಳೂ ಓಡಿವೆ. ನೀವು ಹೋಗುವ ತಿಂಗಳಲ್ಲಿ ಯಾವುದಿದೆ ನೋಡಿ. ಓಯಸಿಸ್ ಕ್ಲಾಸ್ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಎಂಟು ವರ್ಷದ ಮಗುವಿಗೆ ಮಕ್ಕಳ ಕ್ಲಬ್ಬು, ಹದಿಮೂರು ವರ್ಷದವರಿಗೆ ಹದಿಹರೆಯದವರ ಜಾಗ, ಎರಡೂ ಬೇರೆ ಬೇರೆ ಇವೆ. ಅಪ್ಪ, ಅಮ್ಮನಿಗೆ ಪಾರ್ಕು ಇದೆ. ಮಕ್ಕಳ ಗಲಾಟೆ ಸಾಕಾದರೆ ಸೋಲೇರಿಯಂ ಅನ್ನುವ ವಿಶ್ರಾಂತಿಯ ಜಾಗಕ್ಕೆ ಹೋಗಬಹುದು, ಅಲ್ಲಿ 16 ವರ್ಷ ಆದವರಿಗಷ್ಟೇ ಪ್ರವೇಶ. ಐಕಾನ್‌ಗಾಗಿ ಎಲ್ಲರೂ ಮಯಾಮಿಗೆ ಹಾರುವುದು ನಿಮ್ಮ ಮನೆಗೆ ಬೇಕಿಲ್ಲ. ಆ ದುಡ್ಡಿನಲ್ಲಿ ಹಿರಿಯರಿಗೆ ಒಳ್ಳೆಯ ರೂಮು ಕೊಡಿಸಿ.

ಒಂದೇ ಎಚ್ಚರಿಕೆ, ಉದ್ದ. ಓಯಸಿಸ್ ಕ್ಲಾಸಿನ ಹಡಗು 360 ಮೀಟರಿಗೂ ಜಾಸ್ತಿ ಉದ್ದ. ರೂಮು ಮುಂದಿನ ತುದಿಯಲ್ಲಿದ್ದು ಡೈನಿಂಗ್ ರೂಮು ಹಿಂದೆ ಇದ್ದರೆ, ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅಪ್ಪನಿಗೆ ಅರ್ಧ ಕಿಲೋಮೀಟರ್ ನಡಿಗೆ ಆಗುತ್ತದೆ. ದಿನಕ್ಕೆ ಮೂರು ಸಲ. ಡೈನಿಂಗ್ ರೂಮು ಹಿಂಭಾಗದಲ್ಲಿದೆ. ಹಾಗಾಗಿ ಹಿಂದಿನ ಲಿಫ್ಟುಗಳಿಗೆ ಹತ್ತಿರ, ಆದರೆ ತೀರಾ ತುದಿಗಲ್ಲದ ರೂಮು ಆರಿಸಿ. ಹಿರಿಯರಿಗೆ ಪಾರ್ಕಿನ ಕಡೆಯ ಬಾಲ್ಕನಿ ಅಥವಾ ಸಮುದ್ರದ ಬಾಲ್ಕನಿ, ಅವರನ್ನೇ ಕೇಳಿ. ಸಮುದ್ರವನ್ನೇ ಮೊದಲ ಸಲ ಇಷ್ಟು ದಿನ ನೋಡುವವರಾದರೆ ಸಮುದ್ರದ್ದೇ ಇರಲಿ. ಬೋರ್ಡ್‌ವಾಕ್ ಕಡೆಯದು ಮಾತ್ರ ಬೇಡ, ಅಕ್ವಾಥಿಯೇಟರ್ ಸದ್ದು ತಡೆಯುವುದು ಕಷ್ಟ. ಮಕ್ಕಳ ರೂಮು ಕಿಟಕಿ ಇಲ್ಲದ್ದಾದರೂ ಪರವಾಗಿಲ್ಲ. ಅವರು ರೂಮಿನಲ್ಲಿ ಇರುವುದೇ ಇಲ್ಲ.

ಓಯಸಿಸ್ ಇಲ್ಲದೆ ವಾಯೇಜರ್ ಕ್ಲಾಸ್ ಸಿಕ್ಕರೆ ಬೇಸರ ಬೇಡ. ಹಡಗು 311 ಮೀಟರ್, ನಡಿಗೆ ಕಮ್ಮಿ, ರೇಟೂ ಕಮ್ಮಿ. ಅಮ್ಮನಿಗೆ ಆ ಬೀದಿ ಕಿಟಕಿಯ ರೂಮು ಇದೆ. ನವೀಕರಣ ಆದ ಹಡಗೇ ಹೌದಾ ಅಂತ ಮಾತ್ರ ಖಚಿತ ಮಾಡಿಕೊಳ್ಳಿ.

ಬುಕ್ ಆದ ಮೇಲೆ ಮಾಡಬೇಕಾದ ಕೆಲಸ ಮೂರು. ಅಪ್ಪ, ಅಮ್ಮನ ಅಮೆರಿಕ ವೀಸಾ ಮಲ್ಟಿಪಲ್ ಎಂಟ್ರಿ ಇದೆಯಾ ನೋಡಿ. ಹಡಗು ಮೆಕ್ಸಿಕೊದ ಕೊಸುಮೆಲ್‌ಗೆ ಹೋಗಿ ಬಂದರೂ ಅದು ಅಮೆರಿಕಕ್ಕೆ ಮತ್ತೊಮ್ಮೆ ಪ್ರವೇಶವೇ. ದಾರಿಯಲ್ಲಿ ಬೇರೆ ಯಾವ ದೇಶ ಇದೆಯೋ ಅದರ ನಿಯಮವನ್ನೂ ಕೇಳಿ. ಎರಡನೆಯದು, ಓಯಸಿಸ್ ಕ್ಲಾಸ್ ಆದರೆ ಐಸ್ ಶೋ, ಅಕ್ವಾಥಿಯೇಟರ್ ಶೋ ಎರಡಕ್ಕೂ ದುಡ್ಡಿಲ್ಲ, ಆದರೆ ಸೀಟು ಮೊದಲೇ ಕಾದಿರಿಸಬೇಕು. ಆ್ಯಪ್‌ನಲ್ಲಿ ತೆರೆದ ದಿನವೇ ಮಾಡಿಬಿಡಿ. ಮೂರನೆಯದು ರೂಮ್ ನಂಬರ್ ಬಂದ ದಿನದ ಕೆಲಸ. ಡೆಕ್ ಪ್ಲ್ಯಾನ್ ತೆಗೆದು ನಿಮ್ಮ ರೂಮಿನ ನೇರ ಮೇಲೆ ಏನಿದೆ, ನೇರ ಕೆಳಗೆ ಏನಿದೆ ನೋಡಿ. ಎರಡೂ ಕಡೆ ರೂಮುಗಳೇ ಇದ್ದರೆ ನಿದ್ದೆ ಬರುತ್ತದೆ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವ ಐದಕ್ಕೆ ಕುರ್ಚಿ ಎಳೆಯುವ ಸದ್ದು ಶುರುವಾಗುತ್ತದೆ. ಹಾಗಿದ್ದರೆ ಅವತ್ತೇ ಫೋನ್ ಮಾಡಿ ರೂಮು ಬದಲಾಯಿಸಿಕೊಳ್ಳಿ. ಖಾಲಿ ರೂಮು ಇರುವವರೆಗೆ ಬದಲಾಯಿಸಿಕೊಡುತ್ತಾರೆ.